ಜೈಲಿನೊಳಗೆ ಅಹಿಂಸೆಯ ಮೂರು ದಿನ: ನನ್ನ ಅನುಭವ

ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯಲ್ಲಿ ನೆಲೆಸಿದ ಮೇಲೆ, ನೆರೆಮನೆಯ ಹಿರಿಯರೊಬ್ಬರ ಜೊತೆ ನಾನು ಕ್ವೇಕರರೆಂಬ ಕ್ರೈಸ್ತ ಪಂಥದವರ ಭಾನುವಾರದ ಸಭೆಗೆ ಹೋಗತೊಡಗಿದೆ. ಆ ಸಭೆಯಲ್ಲಿ ಪಾದ್ರಿಯೂ ಇಲ್ಲ, ಪ್ರವಚನವೂ ಇಲ್ಲ; ಒಂದು ಗಂಟೆ ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ, ಹೇಳಲೇಬೇಕು ಅನ್ನಿಸಿದವರು ಮಾತ್ರ ಎದ್ದು ನಾಲ್ಕು ಮಾತು ಹೇಳಿ ಕೂರುತ್ತಾರೆ. ಯಾವ ಕಾರಣಕ್ಕೂ ಆಯುಧ ಹಿಡಿಯುವುದಿಲ್ಲವೆಂದು 1660ರ ಘೋಷಣೆಯಲ್ಲಿ ಇಂಗ್ಲೆಂಡಿನ ಅರಸ ಎರಡನೆಯ ಚಾರ್ಲ್ಸ್‌ಗೆ ಬರೆದುಕೊಟ್ಟ ಪಂಥ ಅವರದೆಂದು ನಾನು ಓದಿದ್ದೆ. ಆ ವ್ರತ ದಿನದ ಕೆಲಸವಾಗಿ ಹೇಗಿರುತ್ತದೆ ಎಂಬುದು ತಿಳಿದದ್ದು ಮಾತ್ರ ಅದೇ ಹಿರಿಯರು ನನ್ನನ್ನು ಜೈಲಿಗೆ ಕರೆದೊಯ್ದಾಗ.

ಕೆಲಸದ ಹೆಸರು ‘ಆಲ್ಟರ್ನೇಟಿವ್ಸ್ ಟು ವಯೊಲೆನ್ಸ್ ಪ್ರಾಜೆಕ್ಟ್’, ಅಂದರೆ ಹಿಂಸೆಗೆ ಬದಲಿ ದಾರಿಗಳ ಯೋಜನೆ. ಎಲ್ಲರೂ ಎವಿಪಿ ಎನ್ನುತ್ತಾರೆ. 1971ರಲ್ಲಿ ಇದೇ ರಾಜ್ಯದ ಆಟಿಕಾ ಜೈಲಿನ ದಂಗೆಯಲ್ಲಿ 43 ಜನ ಸತ್ತಿದ್ದರು. ಅದಾದ ನಾಲ್ಕು ವರ್ಷಗಳಿಗೆ, 1975ರಲ್ಲಿ, ಗ್ರೀನ್ ಹೇವನ್ ಜೈಲಿನ ಕೆಲವು ಕೈದಿಗಳು ಹಿಂಸೆಯಿಂದ ದೂರವಿರುವ ಬಗೆಯನ್ನು ಕಲಿಸುವ ಶಿಬಿರ ಬೇಕೆಂದು ಕ್ವೇಕರರನ್ನು ಕೇಳಿಕೊಂಡರು. ಕೇಳಿದವರು ಕೈದಿಗಳೇ ಎಂಬುದು ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಇಲ್ಲಿ ಧರ್ಮಪ್ರಚಾರವಿಲ್ಲ, ಯಾರಿಗೂ ಸಂಬಳವಿಲ್ಲ, ಶಿಬಿರ ನಡೆಸುವ ತಂಡದಲ್ಲಿ ಹೊರಗಿನವರ ಜೊತೆ ಕೈದಿಗಳೂ ಇರುತ್ತಾರೆ.

ಶಿಬಿರ ನಡೆಸಬೇಕೆನ್ನುವವನು ಮೊದಲು ತಾನೇ ಶಿಬಿರಾರ್ಥಿಯಾಗಿ ಕೂರಬೇಕು. ಮೊದಲ ಬೆಳಿಗ್ಗೆ ಪ್ರತಿಯೊಬ್ಬರೂ ತಮ್ಮ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರದಿಂದಲೇ ಶುರುವಾಗುವ ಒಂದು ಒಳ್ಳೆಯ ವಿಶೇಷಣವನ್ನು ಹೆಸರಿನ ಹಿಂದೆ ಸೇರಿಸಿಕೊಳ್ಳಬೇಕಿತ್ತು. ನಾನು ‘ಜೆಂಟಲ್ ಗುರು’ ಎಂದೆ. ಕೋಣೆಯಿಡೀ ನಕ್ಕಿತು. ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ಉಪದೇಶಕನ ಪದವಿಯಂತೆ ಕೇಳಿಸಿತ್ತು, ಆ ನಗೆಯಲ್ಲಿ ಒಂದು ಎಚ್ಚರಿಕೆ ಇದ್ದದ್ದು ನನಗೆ ಆಗ ಹೊಳೆಯಲಿಲ್ಲ. ಗೋಡೆಗೆ ಅಂಟಿಸಿದ ಚಿತ್ರವೊಂದನ್ನು ಅವರು ‘ಮಂಡಲ’ ಎನ್ನುತ್ತಿದ್ದರು. ನಡುವೆ ಪರಿವರ್ತನೆಯ ಶಕ್ತಿ, ಸುತ್ತಲೂ ಐದು ಸೂತ್ರ: ನಿನ್ನನ್ನು ನೀನು ಗೌರವಿಸಿಕೊ, ಇತರರ ಬಗ್ಗೆ ಕಾಳಜಿ ಇರಲಿ, ಒಳ್ಳೆಯದನ್ನೇ ನಿರೀಕ್ಷಿಸು, ಹಿಂಸೆಯಿಲ್ಲದ ದಾರಿಯನ್ನು ಅರಸು, ಎದುರೇಟು ಕೊಡುವ ಮುನ್ನ ಯೋಚಿಸು. ಇವು ಸುಭಾಷಿತಗಳಂತಿವೆಯಲ್ಲ ಎಂದು ಒಳಗೊಳಗೇ ಸ್ವಲ್ಪ ತಾತ್ಸಾರಪಟ್ಟೆ.

ಆ ತಾತ್ಸಾರವನ್ನು ಇಳಿಸಿದ್ದು ರಟ್ಟಿನ ತುಂಡುಗಳ ಒಂದು ಆಟ. ಐದು ಜನ ಒಂದು ಮೇಜಿನ ಸುತ್ತ ಕೂತು, ತಮ್ಮ ಪಾಲಿಗೆ ಬಂದ ತುಂಡುಗಳಿಂದ ಒಂದೇ ಅಳತೆಯ ಐದು ಚೌಕಗಳನ್ನು ಜೋಡಿಸಬೇಕು. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಇನ್ನೊಬ್ಬರ ತುಂಡನ್ನು ತೆಗೆದುಕೊಳ್ಳುವಂತಿಲ್ಲ, ತನ್ನದನ್ನು ಕೊಡಬಹುದು ಅಷ್ಟೆ. ಎಲ್ಲರಿಗಿಂತ ಮೊದಲು ನನ್ನ ಚೌಕ ಮುಗಿಯಿತು. ಕೈಕಟ್ಟಿ ಕೂತು, ಉಳಿದವರು ಒದ್ದಾಡುವುದನ್ನು ಕನಿಕರದಿಂದ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಗೊತ್ತಾಯಿತು: ಚೌಕವನ್ನು ಹಲವು ರೀತಿಯಲ್ಲಿ ಜೋಡಿಸಬಹುದು, ಆದರೆ ನಾನು ಜೋಡಿಸಿದ ರೀತಿಯಲ್ಲಿ ಉಳಿದವರ ಚೌಕಗಳು ಎಂದಿಗೂ ಪೂರ್ಣವಾಗುವಂತಿರಲಿಲ್ಲ. ಎದುರಿಗಿದ್ದ ನಡುವಯಸ್ಸಿನ ಕೈದಿ ಅಷ್ಟರಲ್ಲಿ ತನ್ನ ಮುಗಿದ ಚೌಕವನ್ನು ಎರಡು ಸಲ ಒಡೆದು ಹಂಚಿದ್ದ. ನನ್ನದನ್ನು ಒಡೆಯಲು ನಿಜಕ್ಕೂ ಕೈ ಬರಲಿಲ್ಲ. ಒಡೆದ ಎರಡೇ ನಿಮಿಷದಲ್ಲಿ ಆಟ ಮುಗಿಯಿತು.

ಮುಂದಿನ ಹಂತದ ಶಿಬಿರ, ಫೆಸಿಲಿಟೇಟರ್ (ಶಿಬಿರ ನಡೆಸುವವರ) ತರಬೇತಿ, ಜೈಲಿನ ಪರವಾನಗಿ ಎಲ್ಲವೂ ತಿಂಗಳುಗಳನ್ನು ತಿಂದವು. ನಾನು ತಂಡದಲ್ಲಿದ್ದ ಮೊದಲ ಶಿಬಿರದ ಎರಡನೆಯ ದಿನ, ತರುಣನೊಬ್ಬ ಮಂಡಲದ ಕಡೆ ಬೆರಳು ತೋರಿಸಿ, “ಅಂಗಳದಲ್ಲಿ ಇದನ್ನೆಲ್ಲ ಮಾಡಿದರೆ ನನ್ನನ್ನು ಪುಕ್ಕಲ ಅಂತಾರೆ” ಎಂದ. ನನ್ನೊಳಗಿನ ಗುರು ಎದ್ದು ನಿಂತ. ಗಾಂಧಿಯಿಂದ ಹಿಡಿದು ದಂಡಿಯ ಉಪ್ಪಿನವರೆಗೆ ಹತ್ತು ನಿಮಿಷ ಮಾತಾಡಿದೆ. ಯಾರೂ ಅಡ್ಡಿಪಡಿಸಲಿಲ್ಲ, ಯಾರೂ ಕೇಳಿಸಿಕೊಳ್ಳಲೂ ಇಲ್ಲ. ಬಿಡುವಿನಲ್ಲಿ ತಂಡದ ಹಿರಿಯ ಕೈದಿ ಮೆಲ್ಲಗೆ, “ಗುರು, ಅವನು ಗಾಂಧಿಯ ವಿಷಯ ಕೇಳಲಿಲ್ಲ” ಎಂದ.

ಬಿಡುವು ಮುಗಿದ ಮೇಲೆ ಆತ ಕೇಳಿದ್ದು ಒಂದೇ ಪ್ರಶ್ನೆ: ಹಿಂದೆ ಸರಿದು, ಪುಕ್ಕಲ ಅನ್ನಿಸಿಕೊಂಡು, ಆಮೇಲೂ ಬದುಕಿದವರು ಇಲ್ಲಿ ಯಾರಾದರೂ ಇದ್ದೀರಾ? ಯಾರೂ ಬಾಯಿ ಬಿಡಲಿಲ್ಲ. ನನಗೆ ಮತ್ತೆ ಮಾತಾಡಬೇಕೆನ್ನಿಸಿತು. ಆತ ನನ್ನತ್ತ ನೋಡಿ ಸಣ್ಣಗೆ ತಲೆಯಾಡಿಸಿದ. ಭಾನುವಾರಗಳಲ್ಲಿ ಮೌನವಾಗಿ ಕೂತದ್ದು ಅಂದು ಉಪಯೋಗಕ್ಕೆ ಬಂತು. ಬಹಳ ಹೊತ್ತಿನ ನಂತರ ಮಾತು ಶುರುಮಾಡಿದವನು ಆ ತರುಣನೇ; ತನ್ನ ತಮ್ಮನ ಎದುರಿನಲ್ಲಿ ಒಮ್ಮೆ ಏಟು ತಿಂದೂ ಕೈ ಎತ್ತದೆ ಮನೆಗೆ ಹೋದ ಕಥೆ ಅದು. ಅವನು ಹೇಳಿ ಮುಗಿಸುವ ಮೊದಲೇ ತಲೆ ಎಣಿಕೆಯ ಕರೆ ಬಂದು ಎಲ್ಲರೂ ಎದ್ದು ಹೋಗಬೇಕಾಯಿತು. ಉಳಿದದ್ದನ್ನು ಮರುದಿನ ಬೆಳಿಗ್ಗೆ ಕೇಳಿದೆವು.