ರಸಮಂಜರಿ ಟ್ರ್ಯಾಕ್ 1-2ಕ್ಕೆ, ಕ್ಲಿಕ್ 3ಕ್ಕೆ: ನನ್ನ ಅನುಭವ

ಒಂದೇ ಫೈಲಿನ ಲೆಫ್ಟ್‌ನಲ್ಲಿ ಟ್ರ್ಯಾಕ್ (ಜನರಿಗೆ ಕೇಳಿಸುವ, ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ), ರೈಟ್‌ನಲ್ಲಿ ಕ್ಲಿಕ್ (ನುಡಿಸುವವರ ಕಿವಿಗಷ್ಟೇ ಕೇಳಬೇಕಾದ ತಾಳದ ಸದ್ದು), ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕ್‌ನಿಂದ ಒಂದು ವೈ ಕೇಬಲ್. ರಸಮಂಜರಿ ತಂಡಗಳಲ್ಲಿ ಇವತ್ತಿಗೂ ನಡೆಯುವುದು ಇದೇ. ನಾಲ್ಕು ಔಟ್‌ಪುಟ್ ಇರುವ ಇಂಟರ್ಫೇಸ್ (ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಸೌಂಡ್ ಪೆಟ್ಟಿಗೆ) ತರುತ್ತೇನೆ ಎಂದಾಗ "ಅದೆಲ್ಲ ಸ್ಟುಡಿಯೋದವರಿಗೆ, ಸ್ಟೇಜ್ ಮೇಲೆ ಕೈಕೊಡುತ್ತೆ" ಅಂದವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ಕೇಬಲ್ ಹೇಗೆ ಬೆಸೆದಿದ್ದೀಯ ಅಂತ ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ.

ಹಳೆಯ ಪದ್ಧತಿಯಲ್ಲಿ ಟ್ರ್ಯಾಕ್ ಮೋನೊ (ಎಡ-ಬಲ ಬೇರೆಯಿಲ್ಲದ ಒಂದೇ ಚಾನೆಲ್) ಆಗುತ್ತದೆ ಅನ್ನುವುದು ನನ್ನ ತಕರಾರಲ್ಲ. ಬಯಲು ಕಾರ್ಯಕ್ರಮಗಳ ಪಿಎ (ಜನರ ಕಡೆಯ ಧ್ವನಿವರ್ಧಕ) ಬಹುಪಾಲು ಮೋನೊದಲ್ಲೇ ಓಡುತ್ತದೆ. ತಕರಾರು ಕ್ಲಿಕ್ ಸೋರುವುದರ ಬಗ್ಗೆ. ಹೆಡ್‌ಫೋನ್ ಜ್ಯಾಕ್‌ನಲ್ಲಿ ಎರಡೂ ಚಾನೆಲ್‌ಗೆ ಗ್ರೌಂಡ್ ಒಂದೇ. ಆ ತಂತಿ ತೆಳುವಾಗಿದ್ದರೆ, ಪ್ಲಗ್ ಸ್ವಲ್ಪ ಸಡಿಲವಿದ್ದರೆ, ರೈಟ್‌ನ ಕ್ಲಿಕ್ ಲೆಫ್ಟ್‌ಗೆ ಬಂದೇ ಬರುತ್ತದೆ. ಗದ್ದಲದ ಹಾಡಿನಲ್ಲಿ ಗೊತ್ತಾಗುವುದಿಲ್ಲ. ಭಾವಗೀತೆಯ ಆಲಾಪದ ನಡುವೆ "ಟಿಕ್ ಟಿಕ್" ಕೇಳಿದರೆ ಗಾಯಕರು ತಿರುಗಿ ನೋಡುತ್ತಾರೆ.

ದುಡ್ಡು ಉಳಿಸಲು ಮೊದಲು ಮಾಡಿದ ಪ್ರಯೋಗ ಐನೂರು ರೂಪಾಯಿಯ ಎರಡು ಯುಎಸ್‌ಬಿ ಸೌಂಡ್ ಕಾರ್ಡ್. ಏಸಿಯೋ4ಆಲ್ ಎನ್ನುವ ಡ್ರೈವರ್ ಹಾಕಿ ಎರಡನ್ನೂ ಒಟ್ಟಿಗೆ ತೋರಿಸಿದರೆ, ಹಾಡು ಓಡಿಸಲು ನಾನು ಬಳಸುವ ರೀಪರ್ ಎನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ನಾಲ್ಕು ಔಟ್ ಕಾಣಿಸುತ್ತವೆ. ಆದರೆ ಎರಡಕ್ಕೂ ಕ್ಲಾಕ್ (ಶಬ್ದ ಓಡುವ ವೇಗ ನಿರ್ಧರಿಸುವ ಒಳಗಿನ ಗಡಿಯಾರ) ಬೇರೆ ಬೇರೆ. ಎರಡರ ನಡುವೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸವಿದ್ದರೆ ನಿಮಿಷಕ್ಕೆ 3 ಮಿಲಿಸೆಕೆಂಡ್ ಜಾರುತ್ತದೆ. ನಾಲ್ಕು ನಿಮಿಷದ ಹಾಡಿನ ಕೊನೆಗೆ 12, ನಿಲ್ಲಿಸದೆ ಓಡುವ ಅರ್ಧ ಗಂಟೆಯ ಮೆಡ್ಲಿಯ ಕೊನೆಗೆ 90. ಕ್ಲಿಕ್ ಕೇಳಿಕೊಂಡು ರಿದಂ ಪ್ಯಾಡ್ ನುಡಿಸುವವರು ತಾಳ ತಪ್ಪಿದ ಹಾಗೆ ಕೇಳುತ್ತದೆ, ಬೈಗುಳ ಅವರಿಗೆ ಬೀಳುತ್ತದೆ. ಬ್ಲೂಟೂತ್ ಇಯರ್‌ಫೋನ್ ಇನ್ನೂ ಕಡೆ: ತಡ ಸುಲಭವಾಗಿ 150 ಮಿಲಿಸೆಕೆಂಡ್ ದಾಟುತ್ತದೆ, ಅದೂ ಒಂದೇ ಸಮ ಇರುವುದಿಲ್ಲ.

ಕೊನೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ 4 ಔಟ್ ಇಂಟರ್ಫೇಸ್ ತೆಗೆದುಕೊಂಡೆ, ಹನ್ನೊಂದು ಸಾವಿರದ ಆಸುಪಾಸು. ಯುಎಂಸಿ404ಎಚ್‌ಡಿ, ಸ್ಕಾರ್ಲೆಟ್ 4ಐ4, ಮೋಟು ಎಂ4, ಯಾವುದಾದರೂ ನಡೆಯುತ್ತದೆ. ಹಿಂದೆ ನಾಲ್ಕು ಲೈನ್ ಔಟ್ ಇದ್ದರೆ ಸಾಕು. ಹೆಡ್‌ಫೋನ್ ಆಂಪ್ ಎರಡೂವರೆ ಸಾವಿರ, ಪ್ಯಾಸಿವ್ ಡಿಐ (ಲೈನ್ ಔಟನ್ನು ಮಿಕ್ಸರ್‌ನ ಮೈಕ್ ಇನ್‌ಪುಟ್‌ಗೆ ಹೊಂದಿಸುವ ಪೆಟ್ಟಿಗೆ) ಎರಡಕ್ಕೆ ಮೂರು ಸಾವಿರ, ಎಸ್‌ಪಿ ರೋಡಿನ ಪ್ಲಗ್ ಮತ್ತು ಕೇಬಲ್ ಎಂಟುನೂರು, ರೀಪರ್ ಲೈಸೆನ್ಸ್ 60 ಡಾಲರ್. ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಇರಬಹುದು.

ರೀಪರ್‌ನ ಪ್ರಿಫರೆನ್ಸಸ್‌ನಲ್ಲಿ ಆಡಿಯೋ ಡಿವೈಸ್ ತೆಗೆದು, ಇಂಟರ್ಫೇಸಿನದೇ ಏಸಿಯೋ ಡ್ರೈವರ್ (ವಿಂಡೋಸ್‌ನ ಸೌಂಡ್ ವ್ಯವಸ್ಥೆಯನ್ನು ಬಳಸದೆ ನೇರ ಇಂಟರ್ಫೇಸಿಗೆ ಕಳಿಸುವಂಥದ್ದು) ಆರಿಸಿ, ಔಟ್‌ಪುಟ್ ರೇಂಜ್ ಮೊದಲನೆಯದು 1, ಕೊನೆಯದು 4 ಮಾಡಿ. ಅದು 2ಕ್ಕೆ ನಿಂತಿದ್ದರೆ ಮುಂದಿನ ಯಾವ ಮೆನುವಿನಲ್ಲೂ 3-4 ಕಾಣಿಸುವುದೇ ಇಲ್ಲ. ಸ್ಟೀರಿಯೋ ಟ್ರ್ಯಾಕ್‌ಗೆ ಏನೂ ಮಾಡಬೇಕಿಲ್ಲ, ಮಾಸ್ಟರ್ ಮೂಲಕ 1-2ಕ್ಕೆ ಹೋಗುತ್ತದೆ. ಕ್ಲಿಕ್ ಟ್ರ್ಯಾಕ್‌ನ ರೂಟ್ ಬಟನ್ ಒತ್ತಿ, ಮಾಸ್ಟರ್ ಸೆಂಡ್‌ನ ಟಿಕ್ ತೆಗೆದು, ಹಾರ್ಡ್‌ವೇರ್ ಔಟ್‌ಪುಟ್‌ನಲ್ಲಿ ಮೋನೊ 3 ಸೇರಿಸಿ. ಟಿಕ್ ತೆಗೆಯದಿದ್ದರೆ ಕ್ಲಿಕ್ ಎರಡೂ ಕಡೆ ಹೋಗುತ್ತದೆ. "ಇಂಟರ್ಫೇಸ್‌ನಲ್ಲೂ ಸೋರುತ್ತೆ" ಎನ್ನುವ ದೂರುಗಳಲ್ಲಿ ಮುಕ್ಕಾಲು ಪಾಲು ಇದೇ. "ಪಲ್ಲವಿ, ಎರಡು, ಮೂರು, ನಾಲ್ಕು" ಎನ್ನುವ ಧ್ವನಿ ಸೂಚನೆಯನ್ನು ಅದೇ ರೀತಿ 4ಕ್ಕೆ ಕಳಿಸುತ್ತೇನೆ. ಬಫರ್ (ಕಂಪ್ಯೂಟರ್ ಮುಂಚೆಯೇ ಸಿದ್ಧ ಮಾಡಿಡುವ ಶಬ್ದದ ತುಣುಕು) 512 ಸ್ಯಾಂಪಲ್ ಇಡಿ. ಇಲ್ಲಿ ಬರೀ ಪ್ಲೇಬ್ಯಾಕ್, ಕಡಿಮೆ ಮಾಡಿ ಯಾವ ಲಾಭವೂ ಇಲ್ಲ.

ವಿಂಡೋಸ್‌ನ ಡೀಫಾಲ್ಟ್ ಸಾಧನ ಲ್ಯಾಪ್‌ಟಾಪಿನ ಸ್ಪೀಕರೇ ಆಗಿರಲಿ. ಇಂಟರ್ಫೇಸ್ ಡೀಫಾಲ್ಟ್ ಆದರೆ ವಾಟ್ಸಾಪ್ ಟಿಂಗ್ ನೇರ ಜನರಿಗೆ ಕೇಳಿಸುತ್ತದೆ. ಏಸಿಯೋ ಬೇಡ, ಸಾಮಾನ್ಯ ಪ್ಲೇಯರ್‌ನಿಂದಲೇ 3-4ಕ್ಕೆ ಕಳಿಸುತ್ತೇನೆ ಅನ್ನುವವರು ಸ್ಪೀಕರ್ ಸೆಟಪ್ ನೋಡಿಕೊಳ್ಳಬೇಕು. ಕ್ವಾಡ್‌ನಲ್ಲಿ (ನಾಲ್ಕು ಸ್ಪೀಕರ್) 3-4 ಅಂದರೆ ಹಿಂದಿನ ಜೋಡಿ. 5.1ರಲ್ಲಿ ಅದೇ 3-4 ಸೆಂಟರ್ ಮತ್ತು ಸಬ್ ಆಗುತ್ತದೆ, ಸ್ಟೀರಿಯೋ ಹಾಡು ಅಲ್ಲಿಗೆ ಹೋಗುವುದೇ ಇಲ್ಲ. ಮ್ಯಾಕ್‌ನಲ್ಲಿ ಈ ತಲೆನೋವಿಲ್ಲ: ಆಡಿಯೋ ಮಿಡಿ ಸೆಟಪ್‌ನ ಕಾನ್ಫಿಗರ್ ಸ್ಪೀಕರ್ಸ್‌ನಲ್ಲಿ ಲೆಫ್ಟ್ 3, ರೈಟ್ 4 ಅಂದರೆ ಯೂಟ್ಯೂಬ್ ಸಹಿತ ಎಲ್ಲವೂ ಅಲ್ಲಿಗೇ ಹೋಗುತ್ತದೆ.

ಹೆಚ್ಚು ಸಮಯ ತಿಂದದ್ದು ಕೇಬಲ್. ಲೈನ್ ಔಟ್ ಮೂರು ಸಂಪರ್ಕದ (ಟಿಪ್, ರಿಂಗ್, ಸ್ಲೀವ್) ಟಿಆರ್‌ಎಸ್, ಆದರೆ ಅದು ಸ್ಟೀರಿಯೋ ಅಲ್ಲ, ಒಂದೇ ಚಾನೆಲ್‌ನ ಬ್ಯಾಲೆನ್ಸ್ಡ್ ಔಟ್: ಟಿಪ್‌ನಲ್ಲಿ ಇರುವ ಸಿಗ್ನಲ್ಲೇ ರಿಂಗ್‌ನಲ್ಲಿ ಉಲ್ಟಾ ಆಗಿ ಇರುತ್ತದೆ. ಹೆಡ್‌ಫೋನನ್ನು ನೇರ ಅಲ್ಲಿ ಚುಚ್ಚಿದರೆ ಎರಡು ಕಿವಿಗೆ ಉಲ್ಟಾ ಫೇಸ್ ಬರುತ್ತದೆ, ಶಬ್ದ ಟೊಳ್ಳು, ಜೋರೂ ಇರುವುದಿಲ್ಲ. ಬ್ಯಾಲೆನ್ಸ್ಡ್ ಕೇಬಲ್‌ನಲ್ಲಿ ಸ್ಟೀರಿಯೋ ಹೆಡ್‌ಫೋನ್ ಆಂಪ್‌ಗೆ ಹಾಕಿದರೂ ಅದೇ ಕಥೆ. 3 ಮತ್ತು 4ರ ಕಡೆ ಎರಡು ಟಿಎಸ್ (ರಿಂಗ್ ಇಲ್ಲದ) ಪ್ಲಗ್, ಆಂಪ್ ಕಡೆ ಒಂದು ಟಿಆರ್‌ಎಸ್: 3ರ ಟಿಪ್ ಅಲ್ಲಿನ ಟಿಪ್‌ಗೆ, 4ರ ಟಿಪ್ ಅಲ್ಲಿನ ರಿಂಗ್‌ಗೆ, ಎರಡರ ಜಾಲರಿಯೂ ಸ್ಲೀವ್‌ಗೆ. ಒಂದು ಕಿವಿಗೆ ಕ್ಲಿಕ್, ಇನ್ನೊಂದಕ್ಕೆ ಮಾತು. ಬರೀ ಕ್ಲಿಕ್ ಸಾಕು ಅನ್ನುವವರು ಆಂಪ್ ಕಡೆ ಟಿಪ್ ರಿಂಗ್ ಕೂಡಿಸಿ 3ಕ್ಕೆ ಮಾತ್ರ ಹಾಕಿಕೊಳ್ಳಿ. ಹಾಗೆ ಕೂಡಿಸಿದ ಮೇಲೆ 4ನ್ನು ಅದಕ್ಕೆ ಸೇರಿಸಬಾರದು, ಎರಡು ಔಟ್‌ಪುಟ್ ಒಂದನ್ನೊಂದು ತಳ್ಳುತ್ತವೆ.

1-2ನ್ನು ಸೌಂಡ್‌ನವರ ಸ್ಟೇಜ್ ಬಾಕ್ಸ್‌ಗೆ ನೇರ ಕೊಡಬೇಡಿ. ಎಷ್ಟೋ ಮಿಕ್ಸರ್‌ಗಳಲ್ಲಿ ಫ್ಯಾಂಟಮ್‌ಗೆ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್ತಿಗೆ) ಇಡೀ ಬೋರ್ಡಿಗೆ ಒಂದೇ ಸ್ವಿಚ್. ಕಂಡೆನ್ಸರ್ ಮೈಕ್‌ಗೆಂದು ಹಾಕಿದ 48 ವೋಲ್ಟ್ ನಿಮ್ಮ ಲೈನ್ ಔಟ್‌ಗೂ ಬರುತ್ತದೆ. ಪ್ಯಾಸಿವ್ ಡಿಐನ ಟ್ರಾನ್ಸ್‌ಫಾರ್ಮರ್ ಅದನ್ನು ತಡೆಯುತ್ತದೆ, ಗ್ರೌಂಡ್ ಲಿಫ್ಟ್ ಒತ್ತಿದರೆ ಜನರೇಟರ್ ಮೇಲೆ ಓಡುವಾಗಿನ ಚಾರ್ಜರ್ ಗುಂಯ್‌ಗುಡುವಿಕೆಯೂ ಬಹುಪಾಲು ಹೋಗುತ್ತದೆ.

ಬದಿಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆ: ಸ್ಟೀರಿಯೋ ಬಿಟ್ಟು 1ರಲ್ಲಿ ರಿದಂ, 2ರಲ್ಲಿ ಉಳಿದ ಸಂಗೀತ. ಸೌಂಡ್‌ನವರಿಗೆ ರಿದಂಗೆ ಪ್ರತ್ಯೇಕ ಫೇಡರ್ ಸಿಕ್ಕಿತು, ಮೈದಾನದಲ್ಲಿ ಬಹಳ ಚೆನ್ನಾಗಿ ಬಂತು. ಆಡಿಟೋರಿಯಂಗೆ ಹೋದರೆ ಸ್ಟೀರಿಯೋಗೆ ಮರಳುತ್ತೇನೆ. ಆದರೆ ಹೀಗೆ ಹಂಚುವ ಮೊದಲು ಅಗಲವಾದ (ಎಡ-ಬಲ ಹರಡಿದ) ಕೀಬೋರ್ಡ್ ಪ್ಯಾಚ್‌ಗಳನ್ನು ಮನೆಯಲ್ಲೇ ಮೋನೊ ಮಾಡಿ ಕೇಳಿ. ಕೆಲವು ಸ್ಟ್ರಿಂಗ್ಸ್ ಅರ್ಧಕ್ಕರ್ಧ ಮಾಯವಾಗುತ್ತವೆ.

ಹಳೆ ಹಾಡುಗಳ ಲಯ ಅತ್ತಿತ್ತ ಹೋಗುತ್ತದಲ್ಲ, ಅದಕ್ಕೆ ಕ್ಲಿಕ್ ಹೊಂದಿಸುವ ನನ್ನ ವಿಧಾನವನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಕೆಲಸ ಸಿಗುವುದೇ ಅದರಿಂದ. ಕ್ಲಿಕ್‌ಗೆ ಯಾವ ಶಬ್ದ ಬಳಸುತ್ತೇನೆ ಅನ್ನುವುದೂ ಅಷ್ಟೇ. ರೀಪರ್ ಕೊಡುವ ಬೀಪ್ ಅಂತೂ ಅಲ್ಲ.

ಸೌಂಡ್ ಚೆಕ್‌ನಲ್ಲಿ ಟ್ರ್ಯಾಕ್ ಮ್ಯೂಟ್ ಮಾಡಿ ಕ್ಲಿಕ್ ಒಂದನ್ನೇ ಓಡಿಸಿ, ಸೌಂಡ್‌ನವರಿಗೆ 1-2ರ ಫೇಡರ್ ಪೂರ್ತಿ ಏರಿಸಲು ಹೇಳಿ. ಪಿಎಯಲ್ಲಿ ಏನೂ ಕೇಳಬಾರದು. ಕೇಳಿದರೆ ಮೊದಲು ಮಾಸ್ಟರ್ ಸೆಂಡ್ ನೋಡಿ, ಆಮೇಲೆ ಪ್ಯಾಡ್ ಪಕ್ಕದ ಮೈಕ್: ಹೆಡ್‌ಫೋನಿನಿಂದಲೇ ಸೋರುತ್ತಿರಬಹುದು.