ಪಿಂಗ್ ಹೊಡೆದು ಕ್ಯಾಮೆರಾಗೆ ಐಪಿ ಕೊಟ್ಟೆ

ನಾಲ್ಕು ಹಳೆಯ ಆಕ್ಸಿಸ್ ಕಂಪನಿಯ ನೆಟ್‌ವರ್ಕ್ ಕ್ಯಾಮೆರಾಗಳು ಸುಮ್ನೆ ಬಿದ್ದಿದ್ದವು. ಪಾಸ್‌ವರ್ಡ್ ಗೊತ್ತಿತ್ತು, ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಯಾರಿಗೂ ನೆನಪಿರಲಿಲ್ಲ. ‘ಪಿಂಗ್ ಹೊಡೆದೇ ಐಪಿ ಕೊಡ್ತೀನಿ’ ಅಂದೆ. ಪಿಂಗ್ ಇರುವುದು ಸಾಧನ ಬದುಕಿದೆಯಾ ಅಂತ ನೋಡಲಿಕ್ಕೆ, ಹೊಸದು ತಗೊಳ್ಳಿ ಅಂದರು ಜೊತೆಯವರು.

ದಾರಿ ಚಿಕ್ಕದು. ಕ್ಯಾಮೆರಾದ ಮ್ಯಾಕ್ ವಿಳಾಸವನ್ನು (ಕಾರ್ಖಾನೆಯಲ್ಲೇ ಕೊಟ್ಟ ಅದರ ಗುರುತಿನ ಸಂಖ್ಯೆ), ನಮ್ಮದೇ ಸಬ್‌ನೆಟ್‌ನ (ನೆಟ್‌ವರ್ಕ್ ಭಾಗದ) ಖಾಲಿ ಐಪಿಯ ಜೊತೆ ಕಂಪ್ಯೂಟರಿನ ಎಆರ್‌ಪಿ ಟೇಬಲ್‌ಗೆ, ಅಂದರೆ ಯಾವ ಐಪಿ ಯಾವ ಮ್ಯಾಕ್‌ನದು ಅನ್ನುವ ಪಟ್ಟಿಗೆ, ಕೈಯಾರೆ ಸೇರಿಸಬೇಕು. ಆ ಐಪಿಗೆ 408 ಬೈಟ್‌ನ ಪಿಂಗ್ ಬಿಡುತ್ತಲೇ ಕ್ಯಾಮೆರಾದ ಪವರ್ ತೆಗೆದು ಮತ್ತೆ ಕೊಡಬೇಕು. ಪವರ್ ಬಂದ ಮೇಲೆ ಎರಡು ನಿಮಿಷ ಮಾತ್ರ ಅದು ಈ ಪಿಂಗ್‌ಗೆ ಒಪ್ಪಿ ಆ ಐಪಿಯನ್ನು ತನ್ನದಾಗಿಸಿಕೊಳ್ಳುತ್ತದೆ.

ಮೊದಲ ದಿನ ಪೂರ್ತಿ ಹಾಳು. ವಿಂಡೋಸ್‌ನಲ್ಲಿ ಪಿಂಗ್‌ನ ಗಾತ್ರ ಹೇಳುವ ‘ಮೈನಸ್ ಎಲ್ 408’ ಅನ್ನೇ ಲಿನಕ್ಸ್‌ನಲ್ಲಿ ಹೊಡೆದಿದ್ದೆ. ಅಲ್ಲಿ ಎಲ್ ಅಂದರೆ ಉತ್ತರಕ್ಕೆ ಕಾಯದೆ ಅಷ್ಟು ಪ್ಯಾಕೆಟ್ ಬಿಡು ಅಂತ! ಗಾತ್ರಕ್ಕೆ ಬೇಕಿದ್ದದ್ದು ‘ಮೈನಸ್ ಎಸ್’. ಸರಿಪಡಿಸಿದೆ. ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ 416 ಅಂತ ಕಂಡಿತು. ಜಾಸ್ತಿ ಹೋಗ್ತಿದೆ ಅಂದುಕೊಂಡು 400ಕ್ಕೆ ಇಳಿಸಿದೆ. ಹೆಚ್ಚಿಗೆ ಕಂಡ ಆ 8 ಬೈಟ್ ಐಸಿಎಂಪಿ ಹೆಡರ್ (ಪಿಂಗ್ ಪ್ಯಾಕೆಟ್‌ನ ತಲೆಭಾಗ) ಅಂತ ಹೊಳೆಯುವಷ್ಟರಲ್ಲಿ ಅರ್ಧ ದಿನ ಹೋಯಿತು. ಅಷ್ಟರಲ್ಲಿ ನೆಟ್‌ವರ್ಕ್ ಸ್ವಿಚ್ ಮೇಲೆ ಅನುಮಾನ ಬಂದು ಹೊಸ ಸ್ವಿಚ್, ಎರಡು ಕೇಬಲ್ ಕೂಡ ತಂದಿದ್ದೆ. ಆ ದುಡ್ಡು ನೀರುಪಾಲು. ಹಳೆಯ ಸ್ವಿಚ್ ಚೆನ್ನಾಗಿಯೇ ಇತ್ತು.

ಇನ್ನೊಂದು ಪೆಟ್ಟು: ಲಿನಕ್ಸ್‌ನಲ್ಲಿ ಎಆರ್‌ಪಿ ಎಂಟ್ರಿ ಸೇರಿಸಲು ‘ಐಪಿ ನೇಬರ್ ಆ್ಯಡ್’ ಕೊಟ್ಟರೆ ‘ಈಗಾಗಲೇ ಇದೆ’ ಅನ್ನುತ್ತಿತ್ತು. ಹಿಂದಿನ ಪಿಂಗ್ ಬಿಟ್ಟುಹೋದ ಸತ್ತ ಎಂಟ್ರಿ ಅದು. ‘ರಿಪ್ಲೇಸ್’ ಅಂದ ಕೂಡಲೇ ಕೂತಿತು. ವಿಂಡೋಸ್‌ನಲ್ಲಿ ‘ಎಆರ್‌ಪಿ ಮೈನಸ್ ಎಸ್’ ಅನುಮತಿ ಇಲ್ಲ ಅಂದರೆ ಅಡ್ಮಿನ್ ಆಗಿ ‘ನೆಟ್‌ಶೆಲ್’ (netsh) ಕಮಾಂಡ್‌ನಿಂದ ನೇಬರ್ ಸೇರಿಸಿ.

ಎರಡನೇ ದಿನ ಪವರ್ ಹಾಕಿ ಅರ್ಧ ನಿಮಿಷವೋ ಮುಕ್ಕಾಲು ನಿಮಿಷವೋ ಆಗಿರಬೇಕು, ಪಿಂಗ್‌ಗೆ ಉತ್ತರ ಬಂತು. ಕೂಗಿಬಿಟ್ಟೆ! ಮೂರು ಕ್ಯಾಮೆರಾ ಸುಮಾರು ಕಾಲು ಗಂಟೆಯಲ್ಲಿ ಮುಗಿದವು. ಒಂದರ ಮ್ಯಾಕ್ ಸ್ಟಿಕರ್ ಹರಿದಿತ್ತು. ಹಳೆಯ ಆಕ್ಸಿಸ್ ಕ್ಯಾಮೆರಾಗಳ ಮ್ಯಾಕ್ 00:40:8ಸಿ ಅಂತ ಶುರುವಾಗುತ್ತದೆ (408 ಅದರೊಳಗೇ ಇದೆ, ಗಮನಿಸಿದಿರಾ?). ಉಳಿದ ಅಂಕಿ ಹೇಗೆ ಹಿಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇದೇ ಹುರುಪಿನಲ್ಲಿ ಲ್ಯಾಂಟ್ರಾನಿಕ್ಸ್ ಸೀರಿಯಲ್ ಡಬ್ಬಿಯೊಂದಕ್ಕೂ (ಸೀರಿಯಲ್ ಪೋರ್ಟ್‌ನ ಸಾಧನವನ್ನು ನೆಟ್‌ವರ್ಕ್‌ಗೆ ಸೇರಿಸುವ ಪೆಟ್ಟಿಗೆ) ಕೈ ಹಾಕಿದೆ. ಅದಕ್ಕೆ ಪಿಂಗ್ ಬೇಡ. ಎಆರ್‌ಪಿ ಎಂಟ್ರಿ ಹಾಕಿ ಪೋರ್ಟ್ 1ಕ್ಕೆ ಟೆಲ್ನೆಟ್ ಮಾಡಿದರೆ ಸಂಪರ್ಕ ಸಿಗಲಿಲ್ಲ ಅನ್ನುತ್ತದೆ, ಆದರೆ ಐಪಿ ಹಿಡಿದಿರುತ್ತದೆ. ಅದು ತಾತ್ಕಾಲಿಕ. ತಕ್ಷಣ ಪೋರ್ಟ್ 9999ಕ್ಕೆ ಟೆಲ್ನೆಟ್‌ನಲ್ಲಿ ಹೋಗಿ ಸೇವ್ ಮಾಡಿ.

ನಾಲ್ಕನೇ ಕ್ಯಾಮೆರಾ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಯಾರೋ ಅದರ ಸೆಟ್ಟಿಂಗ್‌ನಲ್ಲಿ ಈ ಎಆರ್‌ಪಿ ಪಿಂಗ್ ಆಯ್ಕೆಯನ್ನೇ ಆಫ್ ಮಾಡಿದ್ದರು. ಫ್ಯಾಕ್ಟರಿ ರೀಸೆಟ್ ಮಾಡಿ ಮತ್ತೆ 408 ಬಿಟ್ಟೆ. ಅದೂ ಉತ್ತರ ಕೊಟ್ಟಿತು.