ಮೊದಲ ಮಜಲ್‌ಲೋಡರ್: ಕಡಿಮೆ ದುಡ್ಡಲ್ಲಿ ಜಿಂಕೆ ಬೇಟೆಯ ಕೋವಿ ಆರಿಸುವುದು ಹೇಗೆ?

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಒಂದೇ ಸೀಸನ್ ಅಲ್ಲ. ಬಿಲ್ಲು ಬಾಣಕ್ಕೆ ಬೇರೆ, ಮಾಮೂಲಿ ರೈಫಲ್‌ಗೆ ಬೇರೆ, ನಳಿಗೆಯ ಬಾಯಿಂದ ಮದ್ದು ಗುಂಡು ತುಂಬುವ ಕೋವಿಗೆ ಬೇರೆ. ಈ ಕೊನೆಯದೇ ಮಜಲ್‌ಲೋಡರ್ ಸೀಸನ್. ರೈಫಲ್ ಸೀಸನ್ನಿನ ಗದ್ದಲ ಇರುವುದಿಲ್ಲ. ಬೇಟೆಗೆ ಇನ್ನಷ್ಟು ದಿನಗಳೂ ಸಿಗುತ್ತವೆ. ಹೊಸಬರು ಇದರತ್ತ ಬರುವುದು ಬಹುಪಾಲು ಈ ಕಾರಣಕ್ಕೇ.

ಮಲೆನಾಡು, ಕೊಡಗಿನ ಕಡೆಯವರಿಗೆ ಈ ಕೋವಿ ಅಪರಿಚಿತವಲ್ಲ. ಕೇಪಿನ ಕೋವಿ ನೋಡಿ ಬೆಳೆದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಕೈಲ್‌ಪೊಳ್ದ್ ದಿನ ಕೊಡಗಿನ ಮನೆಗಳಲ್ಲಿ ಕೋವಿಗೆ ಪೂಜೆ ಈಗಲೂ ನಡೆಯುತ್ತದೆ. ಆದರೆ ಶಿಕಾರಿಯ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಜಿಂಕೆ ಹೊಡೆಯುವುದು ಜೈಲಿಗೆ ಕಳಿಸುವ ಅಪರಾಧ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಲೈಸೆನ್ಸ್ ತೆಗೆದುಕೊಂಡು ಬೇಟೆಗೆ ಹೋಗುವವರಿಗೆ ಮಾತ್ರ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ 500 ಡಾಲರ್ ಇದ್ದರೆ ಅಷ್ಟನ್ನೂ ಕೋವಿಗೇ ಸುರಿಯಬೇಡಿ. ಅರ್ಧ, ಇಲ್ಲವೇ ಅದಕ್ಕಿಂತ ಸ್ವಲ್ಪ ಜಾಸ್ತಿ ಕೋವಿಗೆ. ಉಳಿದದ್ದು ಮದ್ದು, ಗುಂಡು, ಅಭ್ಯಾಸಕ್ಕೆ. ಮಜಲ್‌ಲೋಡರ್‌ನಲ್ಲಿ ನಿಮಗೆ ಸಿಗುವುದು ಒಂದೇ ಈಡು. ಅದು ತಪ್ಪಿ ಎಲ್ಲೋ ತಗುಲಿದರೆ ಗಾಯಗೊಂಡ ಜಿಂಕೆ ಕಾಡಿನಲ್ಲಿ ನರಳಿ ಸಾಯುತ್ತದೆ. ದುಬಾರಿ ಕೋವಿ ಇದ್ದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಕೈ ಪಳಗಿದ್ದರೆ ತಪ್ಪುತ್ತದೆ.

1. ಅಂಗಡಿಗೆ ಹೋಗುವ ಮೊದಲು ನಿಯಮದ ಪುಸ್ತಕ ಓದಿ

ಪ್ರತಿ ರಾಜ್ಯದ ವನ್ಯಜೀವಿ ಇಲಾಖೆಯೂ ವರ್ಷ ವರ್ಷ ಬೇಟೆ ನಿಯಮಗಳ ಕೈಪಿಡಿಯನ್ನು ಪುಕ್ಕಟೆ ಕೊಡುತ್ತದೆ. ಕೋವಿ ಆರಿಸುವ ಕೆಲಸ ಶುರುವಾಗುವುದೇ ಅಲ್ಲಿಂದ. ಒಂದು ರಾಜ್ಯದಲ್ಲಿ ನಡೆಯುವ ಕೋವಿ ಪಕ್ಕದ ರಾಜ್ಯದಲ್ಲಿ ನಡೆಯದೇ ಇರಬಹುದು.

ಕೊಲೊರಾಡೊ ನೋಡಿ. ಅಲ್ಲಿನ ಮಜಲ್‌ಲೋಡರ್ ಸೀಸನ್‌ನಲ್ಲಿ ಕೋವಿಯ ಮೇಲೆ ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಇರುವಂತಿಲ್ಲ. ಗುಳಿಗೆಯಾಗಿ ಒತ್ತಿದ ಮದ್ದು ಬಳಸುವಂತಿಲ್ಲ, ಪುಡಿ ಮದ್ದೇ ಆಗಬೇಕು. ಗುಂಡಿಗೆ ಸೇಬೋ ಎಂಬ ಪ್ಲಾಸ್ಟಿಕ್ ಕವಚವೂ ಇರಬಾರದು. ಪೆನ್ಸಿಲ್ವೇನಿಯದಲ್ಲಿ ಕ್ರಿಸ್‌ಮಸ್ ಮರುದಿನ ಶುರುವಾಗುವ ಸೀಸನ್‌ಗೆ ಚಕಮಕಿ ಕಲ್ಲಿನ ಫ್ಲಿಂಟ್‌ಲಾಕ್ ಬಿಟ್ಟು ಬೇರೆ ಕೋವಿಗೆ ಅವಕಾಶವೇ ಇಲ್ಲ. ಓಹಾಯೊದಂಥ ರಾಜ್ಯಗಳಲ್ಲಿ ಆಧುನಿಕ ಮಾದರಿಯೂ ನಡೆಯುತ್ತದೆ, ಸ್ಕೋಪೂ ನಡೆಯುತ್ತದೆ. ಆಫರ್ ಇದೆ ಎಂದು ಸ್ಕೋಪ್ ಸಮೇತ ಕೋವಿ ಕೊಂಡು ಕೊಲೊರಾಡೊ ಕಾಡಿಗೆ ಹೋದರೆ ದುಡ್ಡೂ ದಂಡ, ಮೇಲೆ ಕಾನೂನಿನ ದಂಡವೂ ಬೀಳಬಹುದು.

ವೀಸಾದ ಮೇಲೆ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಎಚ್-1ಬಿ, ಎಲ್-1, ವಿದ್ಯಾರ್ಥಿ ವೀಸಾದಂಥವುಗಳಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ನಿರ್ಬಂಧವಿದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಉಂಟು. ಬಹುತೇಕ ಮಜಲ್‌ಲೋಡರ್‌ಗಳು ಆ ಕಾನೂನಿನ ‘ಬಂದೂಕು’ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ, ನಿಜ. ಆದರೆ ನಳಿಗೆ ಬದಲಿಸಿ ಮಾಮೂಲಿ ರೈಫಲ್ ಮಾಡಿಕೊಳ್ಳಬಹುದಾದ ಮಾದರಿಗಳು ಬರುತ್ತವೆ. ರಾಜ್ಯಗಳ ಕಾನೂನು ಮತ್ತೆ ಬೇರೆ. ಗ್ರೀನ್ ಕಾರ್ಡ್ ಕಾಯುತ್ತಿರುವವರು ‘ಗೆಳೆಯ ಹೇಳಿದ’ ಎಂದು ಸುಮ್ನೆ ಕೊಂಡುಬಿಡಬೇಡಿ. ವಕೀಲರನ್ನು ಒಂದು ಮಾತು ಕೇಳಿ.

ಬೇಟೆ ಲೈಸೆನ್ಸ್‌ಗೆ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು ಎಂದು ಹೆಚ್ಚಿನ ರಾಜ್ಯಗಳು ಕೇಳುತ್ತವೆ. ಸೀಸನ್ ಹತ್ತಿರ ಬಂದಾಗ ಓಡಾಡುವ ಬದಲು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

2. ಕಿಡಿ ಹೇಗೆ ಹೊತ್ತಬೇಕು?

ಮದ್ದಿಗೆ ಬೆಂಕಿ ತಗುಲಿಸುವ ಬಗೆ ಮೂರು. ಫ್ಲಿಂಟ್‌ಲಾಕ್‌ನಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಪರ್ಕಶನ್ ಎಂಬುದು ನಮ್ಮ ಕೇಪಿನ ಕೋವಿಯೇ: ಪಕ್ಕದ ಸುತ್ತಿಗೆ ಕೇಪಿನ ಮೇಲೆ ಬೀಳುತ್ತದೆ, ಬೆಂಕಿ ಒಳಗೆ ಹೋಗುತ್ತದೆ. ಮೂರನೆಯದು ಇನ್‌ಲೈನ್. ನಳಿಗೆಯ ನೇರ ಹಿಂದೆ, ಶಾಟ್‌ಗನ್ ತೋಟಾಕ್ಕೆ ಹಾಕುವ 209 ಪ್ರೈಮರ್ (ಬಡಿದರೆ ಕಿಡಿ ಹಾರಿಸುವ ಪುಟ್ಟ ಕೇಪು) ಕೂರುತ್ತದೆ. ಕಿಡಿ ನೆಟ್ಟಗೆ ಮದ್ದಿಗೇ ನುಗ್ಗುತ್ತದೆ. ಮಿಸೌರಿಯ ಕೋವಿ ತಯಾರಕ ಟೋನಿ ನೈಟ್ 1985ರಲ್ಲಿ ತಂದ ಎಂಕೆ-85 ಮಾದರಿಯಿಂದ ಇನ್‌ಲೈನ್ ಜನಪ್ರಿಯವಾಯಿತು. ಇಂದು ಅಂಗಡಿಯಲ್ಲಿ ಕಾಣುವುದು ಹೆಚ್ಚಾಗಿ ಇದೇ.

ಮೊದಲ ಕೋವಿ, ಕಡಿಮೆ ದುಡ್ಡು, ರಾಜ್ಯದ ನಿಯಮ ಒಪ್ಪುತ್ತದೆ ಎಂದಾದರೆ ಇನ್‌ಲೈನ್ ತೆಗೆದುಕೊಳ್ಳಿ. ಪ್ರೈಮರ್ ಮುಚ್ಚಿದ ಜಾಗದಲ್ಲಿ ಇರುವುದರಿಂದ ಮಳೆ, ಹಿಮಕ್ಕೆ ಹೆದರುವುದು ಕಡಿಮೆ. ಅಗ್ಗದ ಫ್ಲಿಂಟ್‌ಲಾಕ್‌ನಿಂದ ಶುರು ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕಲ್ಲು ಸರಿಯಾಗಿ ಕೂರಬೇಕು, ಉಕ್ಕು ಗಟ್ಟಿಯಿರಬೇಕು, ಟ್ರಿಗರ್ ಎಳೆದ ಮೇಲೂ ಮದ್ದು ಹೊತ್ತುವವರೆಗೆ ಕೈ ಅಲುಗಬಾರದು. ಅದರ ಸೊಗಸು ದೊಡ್ಡದು, ಆದರೆ ಕಲಿಯಲು ತಾಳ್ಮೆ ಬೇಕು. ಇದಾಹೊ, ಆರೆಗನ್ ಥರದ ರಾಜ್ಯದಲ್ಲಿ ಕಿಡಿ ಹೊತ್ತುವ ಜಾಗ ಹೊರಗೆ ತೆರೆದೇ ಇರಬೇಕು. ಅಲ್ಲಿನವರಿಗೆ ಪರ್ಕಶನ್ ಕೋವಿ ಒಳ್ಳೆಯ ದಾರಿ.

ಮದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ, ಹಿಂದಿನಿಂದ ತುಂಬುವ ಫೈರ್‌ಸ್ಟಿಕ್ ಪದ್ಧತಿಯೂ ಈಚೆಗೆ ಬಂದಿದೆ. ಎಲ್ಲ ರಾಜ್ಯಗಳೂ ಒಪ್ಪಿಲ್ಲ. ಮೊದಲ ಕೋವಿಗೆ ಅದರ ತಂಟೆ ಬೇಡ.

3. ನಳಿಗೆ: .50 ಕ್ಯಾಲಿಬರ್, ಜೊತೆಗೆ ಟ್ವಿಸ್ಟ್

ಕ್ಯಾಲಿಬರ್, ಅಂದರೆ ಇಂಚಿನ ಲೆಕ್ಕದಲ್ಲಿ ನಳಿಗೆಯ ಒಳಗಿನ ಅಗಲ, ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. .50 ತೆಗೆದುಕೊಳ್ಳಿ. .45 ಕೂಡ ಜಿಂಕೆಗೆ ಸಾಕು. ಆದರೆ ಸಣ್ಣ ಊರಿನ ಅಂಗಡಿಯಲ್ಲೂ ಗುಂಡು ಸಿಗುವುದು .50ಕ್ಕೆ.

ಟ್ವಿಸ್ಟ್ ಮಾತ್ರ ಸರಿಯಾಗಿ ನೋಡಿ. ನಳಿಗೆಯ ಒಳಗಿನ ಸುರುಳಿ ಗೀರು ಒಂದು ಪೂರ್ತಿ ಸುತ್ತು ಹಾಕಲು ಎಷ್ಟು ಇಂಚು ತೆಗೆದುಕೊಳ್ಳುತ್ತದೆ ಎಂಬ ಲೆಕ್ಕ ಅದು. 28 ಇಂಚಿಗೆ ಒಂದು ಸುತ್ತು ಇದ್ದರೆ ಉದ್ದನೆಯ ಗುಂಡು, ಸೇಬೋ ಗುಂಡಿಗೆ ಹೊಂದುತ್ತದೆ. ಇಂದಿನ ಇನ್‌ಲೈನ್‌ಗಳು ಬಹುಪಾಲು ಹೀಗೆಯೇ. 60 ಇಂಚಿನ ಮೇಲಿದ್ದರೆ ಅದು ಬಟ್ಟೆ ಸುತ್ತಿ ಜಡಿಯುವ ದುಂಡನೆಯ ಸೀಸದ ಗುಂಡಿಗೆ. 48 ಎರಡರ ನಡುವಿನ ರಾಜಿ. ಹಳೆಯ ಶೈಲಿಯ ಕೋವಿ ಕೊಂಡು, ಅದಕ್ಕೆ ಹೊಂದದ ಗುಂಡು ಹಾಕಿ, ‘ಈ ಕೋವಿಗೆ ಗುರಿಯೇ ಇಲ್ಲ’ ಎಂದು ಬೈಯುವವರು ಬಹಳ. ತಪ್ಪು ಕೋವಿಯದಲ್ಲ.

4. ಬ್ರೀಚ್ ಪ್ಲಗ್ ನೋಡದೆ ದುಡ್ಡು ಕೊಡಬೇಡಿ

ಜಾಹೀರಾತಿನಲ್ಲಿ ವೇಗ, ದೂರದ ಮಾತೇ ಜಾಸ್ತಿ. ಮನೆಗೆ ಬಂದ ಮೇಲೆ ನಿಮ್ಮ ಸಮಯ ಹೋಗುವುದು ತೊಳೆಯುವುದರಲ್ಲಿ. ಕಪ್ಪು ಮದ್ದು, ಅದರ ಬದಲಿಗೆ ಬಳಸುವ ಪೈರೊಡೆಕ್ಸ್ ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವ ಹೀರಿಕೊಳ್ಳುತ್ತದೆ. ಅದೇ ದಿನ ತೊಳೆಯದಿದ್ದರೆ ತುಕ್ಕು ಶುರು. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಬಟ್ಟೆ ತುಂಡು, ಆಮೇಲೆ ಪೂರ್ತಿ ಒಣಗಿಸಿ ಎಣ್ಣೆ. ಇಷ್ಟೇ ಕೆಲಸ, ಆದರೆ ಪ್ರತಿ ಸಲವೂ ಆಗಬೇಕು.

ಇನ್‌ಲೈನ್ ನಳಿಗೆಯ ಹಿಂಬದಿಯನ್ನು ಮುಚ್ಚಿರುವ ತಿರುಪೇ ಬ್ರೀಚ್ ಪ್ಲಗ್. ಅದನ್ನು ಬಿಚ್ಚಿದರೆ ನಳಿಗೆ ಎರಡೂ ಕಡೆ ತೆರೆದುಕೊಳ್ಳುತ್ತದೆ, ತೊಳೆಯುವುದು ಸಲೀಸು. ಅಂಗಡಿಯಲ್ಲೇ ಕೇಳಿ: ‘ಕೈಯಲ್ಲೇ ಬಿಚ್ಚಬಹುದಾ, ಪಾನಾ ಬೇಕಾ?’ ಒಮ್ಮೆ ಬಿಚ್ಚಿ ಹಾಕಿ ನೋಡಿ. ಸಿವಿಎ ಕಂಪನಿಯ ವುಲ್ಫ್, ಆಪ್ಟಿಮಾ ವಿ2 ಮಾದರಿಗಳಲ್ಲಿ ಉಪಕರಣವಿಲ್ಲದೆ ಕೈಯಲ್ಲೇ ಬಿಚ್ಚುವ ಪ್ಲಗ್ ಇದೆ. ಟ್ರೆಡಿಷನ್ಸ್ ಕಂಪನಿಯ ಬಕ್‌ಸ್ಟಾಕರ್‌ನಲ್ಲೂ ಬಿಚ್ಚುವುದು ಕಷ್ಟವಲ್ಲ. ಹಾಕುವಾಗ ತಿರುಪಿನ ಗೀರುಗಳಿಗೆ ಆಂಟಿ-ಸೀಜ್ ಗ್ರೀಸ್ ಸವರದಿದ್ದರೆ ಎಂಥ ಪ್ಲಗ್ ಆದರೂ ಮುಂದಿನ ಸಲ ಹಿಡಿದುಕೊಂಡು ಕೂರುತ್ತದೆ.

5. ದುಡ್ಡಿನ ಲೆಕ್ಕ

ಈ ವುಲ್ಫ್, ಬಕ್‌ಸ್ಟಾಕರ್ ಸುಮಾರು 250–300 ಡಾಲರ್ ಆಸುಪಾಸಿನವು. ಆಪ್ಟಿಮಾ ಇನ್ನೂ ಸ್ವಲ್ಪ ಮೇಲೆ, ನಳಿಗೆಯೂ ಸ್ವಲ್ಪ ಉದ್ದ. 100 ಗಜದೊಳಗಿನ ಜಿಂಕೆಗೆ ಈ ಮೂರರಲ್ಲಿ ಯಾವುದಾದರೂ ಸಾಕು. ಜನವರಿ ಕಳೆದ ಮೇಲೆ ಅಂಗಡಿಗಳು ಉಳಿದ ಮಾಲನ್ನು ಇಳಿಸುವುದುಂಟು. ಕೊಳ್ಳಲು ಅದೇ ಒಳ್ಳೆ ಸಮಯ.

ಉಳಿದ ದುಡ್ಡಲ್ಲಿ ಮದ್ದು, ಪ್ರೈಮರ್, ಎರಡು ಬಗೆಯ ಗುಂಡು, ಮದ್ದು ಅಳೆಯುವ ಕೊಳವೆ, ತೊಳೆಯುವ ಸಾಮಾನು. ಪೈರೊಡೆಕ್ಸ್, ಟ್ರಿಪಲ್ ಸೆವೆನ್ ಮದ್ದಿನ ಗುಳಿಗೆಗಳು ಸುಲಭ: 50 ಗ್ರೇನ್‌ನ (ಮದ್ದು, ಗುಂಡು ಅಳೆಯುವ ಮಾನ) ಎರಡು ಹಾಕಿದರೆ 100. ಆದರೆ ಪುಡಿ ಮದ್ದು ಅಗ್ಗ, ಅಳತೆಯನ್ನು ಹೆಚ್ಚು ಕಡಿಮೆ ಮಾಡಿ ನಿಮ್ಮ ಕೋವಿಗೆ ಯಾವುದು ಹಿಡಿಸುತ್ತದೆ ಎಂದು ನೋಡಬಹುದು. ಬ್ಲ್ಯಾಕ್‌ಹಾರ್ನ್ 209 ಎಂಬ ಮದ್ದು ಮಸಿ ಕಡಿಮೆ ಮಾಡುತ್ತದೆ, ಬೆಲೆ ಜಾಸ್ತಿ, ಎಲ್ಲ ಬ್ರೀಚ್ ಪ್ಲಗ್‌ಗೂ ಒಗ್ಗುವುದಿಲ್ಲ. ಮೂರು ಗುಳಿಗೆ ಹಾಕಿ 150 ಗ್ರೇನ್ ಹೊಡೆಯಿರಿ ಎನ್ನುವ ಪ್ರಚಾರ ನಂಬಬೇಡಿ. 80ರಿಂದ 100 ಗ್ರೇನ್, 250 ಗ್ರೇನ್ ಆಸುಪಾಸಿನ ಗುಂಡು, ಜಿಂಕೆಗೆ ಧಾರಾಳ. ಅದರ ಮೇಲೆ ಹೋದಷ್ಟೂ ಭುಜಕ್ಕೆ ಒದೆ ಜಾಸ್ತಿ.

ಇಲ್ಲೊಂದು ಎಚ್ಚರಿಕೆ. ಮಾಮೂಲಿ ರೈಫಲ್ ತೋಟಾಕ್ಕೆ ಹಾಕುವ ಸ್ಮೋಕ್‌ಲೆಸ್ ಮದ್ದನ್ನು ಈ ಕೋವಿಗಳಿಗೆ ಚಿಟಿಕೆಯಷ್ಟೂ ಹಾಕಬಾರದು. ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತದೆ. ಕೋವಿಯ ಕೈಪಿಡಿ ಒಪ್ಪಿದ ಮದ್ದು, ಅದು ಹೇಳಿದ ಗರಿಷ್ಠ ಅಳತೆ, ಅಷ್ಟೇ.

ಸ್ಕೋಪ್ ಮೊದಲ ವರ್ಷ ಬೇಡ. ನಳಿಗೆಯ ಮೇಲೆ ಗುರಿ ಹಿಡಿಯಲು ಇರುವ ಫೈಬರ್ ಆಪ್ಟಿಕ್ ಸೈಟ್‌ನಲ್ಲೇ ಕಲಿಯಿರಿ. ಕಣ್ಣು ಮಂಜಾದವರ ಮಾತು ಬೇರೆ. ಅವರಿಗೆ ನಿಯಮ ಒಪ್ಪಿದರೆ ಸಾದಾ ಸ್ಕೋಪ್ ಒಂದು ಇರಲಿ.

6. ಸೆಕೆಂಡ್ ಹ್ಯಾಂಡ್ ಆದರೆ ಹೀಗೆ ಪರೀಕ್ಷಿಸಿ

ಹಳೆಯ ಕೋವಿಯಲ್ಲಿ ಒಳ್ಳೆಯ ಮಾಲು ಅಗ್ಗಕ್ಕೆ ಸಿಗುತ್ತದೆ. ಆದರೆ ಕೈಗೆ ಬಂದ ಕೂಡಲೇ ಮಾಡುವ ಕೆಲಸ ಒಂದೇ: ಅದರಲ್ಲಿ ಮದ್ದು ಗುಂಡು ತುಂಬಿದೆಯಾ ನೋಡುವುದು. ಬಾಯಿಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಕೇಪೋ ಪ್ರೈಮರೋ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಗುಂಡು ಜಡಿಯುವ ರಾಮ್‌ರಾಡ್ ಸಲಾಕೆಯನ್ನು ನಳಿಗೆಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಸರಿಯಾಗಿ ಸಲಾಕೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಹೊರಗೆ ತೆಗೆಯಿರಿ. ನಳಿಗೆಯ ಹೊರಗೆ ಪಕ್ಕದಲ್ಲಿಟ್ಟು ಅಳೆಯಿರಿ. ತುದಿ ಬ್ರೀಚ್‌ವರೆಗೆ ಹೋಗಿದ್ದರೆ ಖಾಲಿ. ಎರಡು ಮೂರು ಇಂಚು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಆಗ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ, ನೀವೇ ಕೆದಕಬೇಡಿ.

ಖಾಲಿ ಎಂದಾದ ಮೇಲೆ ಬ್ರೀಚ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಗೀರುಗಳು ಹೊಳೆಯುತ್ತಿದ್ದರೆ ಒಳ್ಳೆಯದು. ಕಪ್ಪು ಚುಕ್ಕೆಯಂತೆ ತುಕ್ಕು ತಿಂದ ಗುಳಿಗಳಿದ್ದರೆ, ಅದರಲ್ಲೂ ಮದ್ದು ಕೂರುವ ಜಾಗದಲ್ಲಿ ಇದ್ದರೆ, ಬಿಟ್ಟುಬಿಡಿ. ಬಿಳಿ ಬಟ್ಟೆಗೆ ಸ್ವಲ್ಪ ಎಣ್ಣೆ ಹಾಕಿ ಒಮ್ಮೆ ಒಳಗೆ ಎಳೆಯಿರಿ. ಕೆಂಪಗೆ ಬಂದರೆ ತುಕ್ಕು. ಪ್ಲಗ್ ಬಿಚ್ಚಲೇ ಆಗುತ್ತಿಲ್ಲ ಎಂದು ಮಾರುವವರು ಹೇಳಿದರೆ ಅದೇ ನಿಮಗೆ ಉತ್ತರ.

7. ಶೂಟಿಂಗ್ ರೇಂಜ್‌ನಲ್ಲಿ ಮೊದಲ ದಿನ

ಕಣ್ಣಿಗೂ ಕಿವಿಗೂ ರಕ್ಷಣೆ ಹಾಕಿಕೊಳ್ಳಿ. ಮೊದಲು ಬರೀ ಪ್ರೈಮರ್ ಒಂದನ್ನು ಹೊಡೆಯಿರಿ, ಒಳಗಿನ ಎಣ್ಣೆ ಒಣಗುತ್ತದೆ. ಆಮೇಲೆ ಅಳೆದ ಮದ್ದು, ಅದರ ಮೇಲೆ ಗುಂಡು. ಗುಂಡು ಮದ್ದಿಗೆ ತಾಗಿ ಕೂರುವವರೆಗೆ ಸಲಾಕೆಯಲ್ಲಿ ಒತ್ತಿ. ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಪ್ರೈಮರ್ ಹಾಕುವುದು ಕೊನೆಗೆ, ಗುರಿಯ ಕಡೆ ತಿರುಗಿದ ಮೇಲೆ.

ಅದೇ ಹೊತ್ತಿಗೆ ಸಲಾಕೆಗೆ ಎರಡು ಗುರುತು ಹಾಕಿಕೊಳ್ಳಿ. ಖಾಲಿ ಇದ್ದಾಗ ಎಲ್ಲಿಗೆ ಬರುತ್ತದೆ ಎಂಬುದು ಒಂದು, ಸರಿಯಾಗಿ ತುಂಬಿದಾಗ ಎಲ್ಲಿಗೆ ಎಂಬುದು ಇನ್ನೊಂದು. ಗಾಬರಿಯಲ್ಲಿ ತುಂಬಿದ ಮೇಲೇ ಮತ್ತೆ ತುಂಬುವುದು ಯಾರಿಗೂ ಆಗಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ಕದನ ಮುಗಿದ ಮೇಲೆ ರಣರಂಗದಿಂದ ಸುಮಾರು 27,000 ಕೋವಿಗಳನ್ನು ಆರಿಸಿ ತಂದರು. ಹೆಚ್ಚಿನವು ತುಂಬಿಯೇ ಇದ್ದವು. ಒಂದರ ಮೇಲೊಂದು ಎರಡು ಸಲ, ಅದಕ್ಕಿಂತ ಜಾಸ್ತಿ ಸಲ ತುಂಬಿದವು ಸಾವಿರಾರು. ಅವರು ತರಬೇತಾದ ಸಿಪಾಯಿಗಳು. ಪೆನ್ನಿನಲ್ಲಿ ಹಾಕಿದ ಒಂದು ಗೆರೆ ನಿಮ್ಮನ್ನು ಅದರಿಂದ ಕಾಪಾಡುತ್ತದೆ.

ಟ್ರಿಗರ್ ಎಳೆದರೂ ಸಿಡಿಯದಿದ್ದರೆ ಕೋವಿಯನ್ನು ಗುರಿಯ ಕಡೆಯೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತುವುದುಂಟು.

25 ಗಜದಲ್ಲಿ ಶುರು ಮಾಡಿ, ಆಮೇಲೆ 50, ಕೊನೆಗೆ 100. ಪ್ರತಿ ಈಡಿನ ನಂತರ ಒದ್ದೆ ಬಟ್ಟೆ, ಒಣ ಬಟ್ಟೆ ಒಂದೊಂದು ಎಳೆಯಿರಿ. ಇಲ್ಲದಿದ್ದರೆ ಮಸಿ ಕಟ್ಟಿ ಮೂರನೇ ಗುಂಡು ಇಳಿಯುವುದೇ ಕಷ್ಟವಾಗುತ್ತದೆ, ಗುರಿಯೂ ಅಲೆಯುತ್ತದೆ. ಊಟದ ಪೇಪರ್ ತಟ್ಟೆಯನ್ನು ಗುರಿಯಾಗಿಡಿ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚು ಕಡಿಮೆ ಅಷ್ಟಗಲ. ಯಾವ ದೂರದವರೆಗೆ ಪ್ರತಿ ಸಲವೂ ತಟ್ಟೆಗೆ ಬೀಳುತ್ತದೋ ಅದೇ ನಿಮ್ಮ ದೂರ. 70 ಗಜಕ್ಕೆ ನಿಂತರೆ 70. ಅದರಾಚೆ ನಿಂತ ಜಿಂಕೆಗೆ ಕೋವಿ ಎತ್ತಬೇಡಿ.

ಸೀಸನ್‌ನಲ್ಲಿ ಗುಂಡು ಹಾರಿಸದೆ ದಿನ ಮುಗಿದರೆ ಪ್ರೈಮರ್ ತೆಗೆದು ಕೋವಿಯಿಂದ ದೂರ ಇಡಿ. ಮನೆಯೊಳಗೆ ಒಯ್ಯುವ ಮೊದಲು ಬ್ರೀಚ್ ಪ್ಲಗ್ ಬಿಚ್ಚಿ ಮದ್ದು, ಗುಂಡನ್ನು ಸಲಾಕೆಯಿಂದ ತಳ್ಳಿ ತೆಗೆಯಿರಿ. ಪರ್ಕಶನ್ ಕೋವಿಯಾದರೆ, ಅವಕಾಶವಿರುವ ಕಡೆ, ಮೆತ್ತನೆಯ ಮಣ್ಣಿನ ದಿಬ್ಬಕ್ಕೆ ಹಾರಿಸಿ ಖಾಲಿ ಮಾಡಿ, ಆ ರಾತ್ರಿಯೇ ತೊಳೆಯಿರಿ.